ಮೋರಿಗೆ ಹರಿಯುವ ನೀರಿನಲ್ಲಿ ಮೀನಿನ ಮರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತದೆ. ಇಲಾಖೆಯ ಗಡಿಗಿಂತ ಬಲವಾಗಿ ಇವನ್ನು ಬೆಸೆದಿರುವುದು ನೆಲದಡಿಯ ನೀರು. ಗಟ್ಟಿ ಕಲ್ಲಿನ ಸೀಮೆ, ಕಡಿಮೆ ಮಳೆ, ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಪಾವಗಡದ ಹೆಸರು ಹೇಳಿದರೆ ಈಗ ತಿರುಮಣಿಯ ಸೋಲಾರ್ ಪಾರ್ಕ್ ನೆನಪಾಗುತ್ತದೆ. ಅದಕ್ಕೂ ಮೊದಲು ಎಷ್ಟೋ ಕಾಲ ಆ ಹೆಸರಿನ ಜೊತೆಗೆ ಬರುತ್ತಿದ್ದದ್ದು ಕಲೆಗಟ್ಟಿದ ಹಲ್ಲು, ಬಾಗಿದ ಮೂಳೆಗಳ ಮಾತು. ಈ ಊರುಗಳಿಗೆ ಆರ್‌ಒ ಯಂತ್ರ ಹಾಕಿದ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿದ್ದು ಈ ಕಾರಣಕ್ಕೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಹೋಗುವ ಆ ಪುಟ್ಟ ಕಟ್ಟಡ ಒಂದು ತಲೆಮಾರಿನ ಮಕ್ಕಳ ಹಲ್ಲು, ಮೂಳೆಗಳನ್ನು ಕಾಪಾಡಬಲ್ಲದು. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಮಾತು ಅದರ ಹಿಂಬದಿಯಿಂದ ಮೋರಿಗೆ ಹರಿಯುವ ಪೈಪಿನ ಬಗ್ಗೆ.

ಆರ್‌ಒ ಯಂತ್ರ ಉಪ್ಪನ್ನು ನಾಶ ಮಾಡುವುದಿಲ್ಲ. ಒಳಗೆ ಬಂದ ನೀರನ್ನು ಎರಡು ಪಾಲು ಮಾಡಿ, ಉಪ್ಪನ್ನೆಲ್ಲ ಒಂದು ಪಾಲಿಗೆ ತಳ್ಳುತ್ತದೆ. ಒಂದು ಪಾತ್ರೆ ಸಾರನ್ನು ಕುದಿಸಿ ಅರ್ಧಕ್ಕಿಳಿಸಿದರೆ ಉಪ್ಪು ಇಮ್ಮಡಿಯಾಗುತ್ತದಲ್ಲ, ಲೆಕ್ಕ ಹಾಗೆಯೇ. ಮನೆಯ ಅಡುಗೆಕೋಣೆಯ ಗೋಡೆಗೆ ಹಾಕುವ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಟ್ಟು ಮೂರು ಲೀಟರ್ ಹೊರಗೆ ಬಿಟ್ಟರೆ, ಆ ಮೂರು ಲೀಟರಿನ ಲವಣ ಮೂಲ ನೀರಿಗಿಂತ ಮೂರನೇ ಒಂದು ಪಾಲಷ್ಟೇ ಹೆಚ್ಚು. ಊರಿನ ಘಟಕ ಅರ್ಧಕ್ಕರ್ಧ ಶುದ್ಧ ನೀರು ತೆಗೆದರೆ ಉಳಿದರ್ಧದಲ್ಲಿ ಲವಣ ಹೆಚ್ಚುಕಡಿಮೆ ಎರಡು ಪಟ್ಟು. ನಾಲ್ಕರಲ್ಲಿ ಮೂರು ಪಾಲು ತೆಗೆದರೆ ನಾಲ್ಕು ಪಟ್ಟು. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆರ್‌ಒ ಯಂತ್ರಗಳು ಕನಿಷ್ಠ ಶೇಕಡಾ 60, ಮುಂದೆ ಶೇಕಡಾ 75ರಷ್ಟು ಶುದ್ಧ ನೀರು ಕೊಡಬೇಕು ಎಂದು ಹೇಳಿತು. ನೀರುಳಿತಾಯದ ದೃಷ್ಟಿಯಿಂದ ಅದು ಸರಿಯಾದ ಮಾತು. ಆದರೆ ಯಂತ್ರ ಎಷ್ಟು ಮಿತವ್ಯಯಿಯೋ ಅದರ ಹಿಂಬದಿಯ ನೀರು ಅಷ್ಟು ಒರಟು ಎಂಬುದನ್ನೂ ಜೊತೆಗೇ ನೆನಪಿಡಬೇಕು. ಕೊಳವೆಬಾವಿಯಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಇದ್ದರೆ ಈ ಮೂರು ಸಂದರ್ಭಗಳಲ್ಲಿ ಹೊರಬೀಳುವ ನೀರಿನಲ್ಲಿ ಅದು ಸುಮಾರು 2.7, 4 ಮತ್ತು 8 ಆಗಿರುತ್ತದೆ. ಮೂರನ್ನೂ ನಾವು ‘ವೇಸ್ಟ್ ನೀರು’ ಎಂದೇ ಕರೆದರೂ ಮೂರೂ ಬೇರೆ ಬೇರೆ ನೀರು.

ಈ ನೀರನ್ನು ಏನು ಮಾಡಬೇಕು? ಪಾತ್ರೆ, ಬಟ್ಟೆ, ನೆಲ ತೊಳೆಯಬಹುದು. ಅದು ಒಳ್ಳೆಯ ಬಳಕೆಯೇ. ದನಗಳ ತೊಟ್ಟಿಗೆ ಬಿಡುವುದು ಸುಲಭ ಮತ್ತು ಪುಣ್ಯದ ಕೆಲಸದಂತೆ ಕಾಣುತ್ತದೆ. ಆದರೆ ಫ್ಲೋರೈಡ್ ಇರುವ ಊರಿನಲ್ಲಿ ಅದು ಅತ್ಯಂತ ಕೆಟ್ಟ ಆಯ್ಕೆ. ದನಕರುಗಳ ನೀರಿಗೂ 2 ಮಿಲಿಗ್ರಾಂ ಫ್ಲೋರೈಡ್ ಮಿತಿ ಎಂದು ಪರಿಗಣಿಸಲಾಗುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಹಸುವಿನ ಹಲ್ಲು ಸವೆಯುತ್ತದೆ, ಕಾಲು ಕುಂಟುತ್ತದೆ. ತರಕಾರಿ ಮಡಿಗೆ ಹಾಯಿಸಿದರೆ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ಇಂಗುಗುಂಡಿಗೆ ಬಿಟ್ಟರೆ ಕೊಳವೆಬಾವಿಯಿಂದ ತೆಗೆದ ವಿಷವನ್ನು ಇಮ್ಮಡಿ ಮಾಡಿ ಅದೇ ಕೊಳವೆಬಾವಿಗೆ ಹಿಂದಿರುಗಿಸಿದಂತೆ. ತಿನ್ನುವ ಮೀನು ಸಾಕುವುದೂ ನನಗೆ ಒಪ್ಪಿಗೆಯಿಲ್ಲ: ಫ್ಲೋರೈಡ್ ಮೀನಿನ ಮೂಳೆಯಲ್ಲಿ ಕೂಡುತ್ತಾ ಹೋಗುತ್ತದೆ, ಜೊತೆಗೆ ಪೂರ್ವ ಕರ್ನಾಟಕದ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಯುರೇನಿಯಂ ಕೂಡ ಕಂಡುಬಂದಿದೆ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದರೆ ಉಳಿಯುವ ಕೆಲವೇ ದಾರಿಗಳಲ್ಲಿ ಅಲಂಕಾರಿಕ ಮೀನಿನ ಮರಿ ಸಾಕಣೆ ಒಂದು. ಗಪ್ಪಿಯನ್ನೋ ಮೋಲಿಯನ್ನೋ ಯಾರೂ ಸಾರು ಮಾಡುವುದಿಲ್ಲ. ಜೀವವೊಂದು ಬೆಳೆದು ಒಂದು ಮನೆಗೆ ಆದಾಯ ಬಂದರೂ ಫ್ಲೋರೈಡ್ ಮತ್ತೆ ಊಟದ ತಟ್ಟೆಗೆ ಏರುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಈ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ವಾದ.

ಮೀನಿನ ಮರಿಗೆ ಶುದ್ಧಾತಿಶುದ್ಧ ನೀರು ಬೇಕು ಎಂಬ ನಂಬಿಕೆ ಇಲ್ಲಿ ಮೊದಲು ಅಡ್ಡ ಬರುತ್ತದೆ. ಮೀನಿನ ದೇಹಶಾಸ್ತ್ರ ಹೇಳುವುದು ಬೇರೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸಮುದ್ರದ ನೀರಿನ ಸುಮಾರು ಮೂರನೇ ಒಂದರಷ್ಟು ಲವಣ ಇರುತ್ತದೆ. ಸುತ್ತಲ ನೀರು ತೀರಾ ತಿಳಿಯಾಗಿದ್ದರೆ ಆ ಲವಣ ಕಿವಿರುಗಳ ಮೂಲಕ ಸದಾ ಸೋರುತ್ತದೆ, ನೀರು ಸದಾ ಒಳನುಗ್ಗುತ್ತದೆ. ಹೊರಟ ಲವಣವನ್ನು ಹಿಂದಕ್ಕೆಳೆಯಲು, ಹೊಕ್ಕ ನೀರನ್ನು ಮೂತ್ರವಾಗಿ ಹೊರಹಾಕಲು ಮೀನು ತಿಂದ ಆಹಾರದ ಒಂದು ಪಾಲನ್ನು ಖರ್ಚು ಮಾಡುತ್ತಿರುತ್ತದೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಆ ಖರ್ಚು ತಗ್ಗುತ್ತದೆ. ಕ್ಯಾಲ್ಸಿಯಂ ಇದ್ದರಂತೂ ಕಿವಿರಿನ ಪೊರೆಯೇ ಬಿಗಿಯಾಗಿ ಸೋರಿಕೆ ಕಡಿಮೆಯಾಗುತ್ತದೆ. ಮೂಳೆ ಕಟ್ಟಿಕೊಳ್ಳುವ ವಯಸ್ಸಿನ ಮರಿ ತನಗೆ ಬೇಕಾದ ಕ್ಯಾಲ್ಸಿಯಮ್ಮಿನ ಬಹುಪಾಲನ್ನು ಆಹಾರದಿಂದಲ್ಲ, ನೀರಿನಿಂದಲೇ ಕಿವಿರುಗಳ ಮೂಲಕ ಪಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಮರಿಗಳಿಗೆ ದಿನಕ್ಕೆ ನಾಲ್ಕೈದು ಬಾರಿ ಆಹಾರ ಹಾಕಬೇಕು. ಅಷ್ಟೇ ಪ್ರಮಾಣದಲ್ಲಿ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೇಟಾಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಏಳು ಗ್ರಾಂ ಕ್ಷಾರೀಯತೆಯನ್ನು ಬಳಸಿ ಮುಗಿಸುತ್ತವೆ. ಮೃದು ನೀರಿನ ತೊಟ್ಟಿಯಲ್ಲಿ ಆ ದಾಸ್ತಾನು ಬೇಗ ಖಾಲಿಯಾಗಿ ನೀರು ಇದ್ದಕ್ಕಿದ್ದಂತೆ ಹುಳಿಯಾಗುತ್ತದೆ, ಮರಿಗಳು ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಘಟಕದ ಹಿಂಬದಿಯ ನೀರಿನಲ್ಲಿ ಬೈಕಾರ್ಬನೇಟ್ ಧಾರಾಳ. ಎಲ್ಲಕ್ಕಿಂತ ಮಿಗಿಲಾಗಿ ಮರಿ ಸಾಕುವವರಿಗೆ ಬೇಕಾದದ್ದು ಪ್ರತಿದಿನ ಒಂದಷ್ಟು ಹಳೆಯ ನೀರು ತೆಗೆದು ಹೊಸ ನೀರು ತುಂಬುವ ಅನುಕೂಲ. ಬರದ ಸೀಮೆಯಲ್ಲಿ ಮೀನು ಸಾಕಣೆ ಎಂದರೆ ಜನ ನಗುವುದು ಈ ಕಾರಣಕ್ಕೆ: ಬದಲಾಯಿಸಲು ನೀರೆಲ್ಲಿದೆ? ಗಂಟೆಗೆ ಸಾವಿರ ಲೀಟರ್ ಶುದ್ಧ ನೀರು ಕೊಡುವ ಘಟಕ ಅರ್ಧಕ್ಕರ್ಧ ಲೆಕ್ಕದಲ್ಲಿ ದಿನಕ್ಕೆ ಆರು ಗಂಟೆ ನಡೆದರೆ ಆರು ಸಾವಿರ ಲೀಟರ್ ಮೋರಿ ಸೇರುತ್ತದೆ. 500 ಲೀಟರಿನ ಹತ್ತು ಸಿಮೆಂಟ್ ತೊಟ್ಟಿಗಳಲ್ಲಿ ದಿನಾ ಐದನೇ ಒಂದು ಪಾಲು ಬದಲಾಯಿಸಲು ಬೇಕಾದದ್ದು ಒಂದು ಸಾವಿರ ಲೀಟರ್. ಅದಕ್ಕಾಗಿ ಹೊಸ ಕೊಳವೆಬಾವಿ ಕೊರೆಸಬೇಕಿಲ್ಲ.

ಯಾವ ಮೀನು ಎಂಬುದರಲ್ಲೇ ಅರ್ಧ ಉತ್ತರವಿದೆ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೈಲ್ ಮೀನುಗಳು ಗಡಸು ನೀರನ್ನು ಸಹಿಸುವುದಷ್ಟೇ ಅಲ್ಲ, ಅದರಲ್ಲೇ ಚೆನ್ನಾಗಿ ಬೆಳೆಯುತ್ತವೆ. ಮೋಲಿಯನ್ನು ನಿಧಾನವಾಗಿ ಒಗ್ಗಿಸಿದರೆ ಸಮುದ್ರದ ನೀರಿನಲ್ಲೂ ಬದುಕುತ್ತದೆ. ಲೀಟರಿಗೆ 1200 ಮಿಲಿಗ್ರಾಂ ಲವಣದ ಕೊಳವೆಬಾವಿ ನೀರು ಘಟಕದಿಂದ 2400 ಆಗಿ ಹೊರಬಂದರೂ ಅದು ಸಮುದ್ರದ ಉಪ್ಪಿನ ಹದಿನೈದನೇ ಒಂದು ಪಾಲಿನಷ್ಟೇ. ಗಪ್ಪಿ ಈ ರಾಜ್ಯದ ಹಳ್ಳಿಗಳಿಗೆ ಹೊಸದೂ ಅಲ್ಲ. ಸೊಳ್ಳೆಮರಿ ತಿನ್ನುವ ಮೀನು ಎಂದು ಮಲೇರಿಯಾ ನಿಯಂತ್ರಣಕ್ಕಾಗಿ ಅದನ್ನು ಕರ್ನಾಟಕದ ಬಾವಿ, ತೊಟ್ಟಿಗಳಿಗೆ ಬಿಡುತ್ತಲೇ ಬಂದಿದ್ದಾರೆ. ಪೂರ್ವ ಆಫ್ರಿಕಾದ ಟ್ಯಾಂಗನೀಕಾ ಸರೋವರದ ಸಿಕ್ಲಿಡ್‌ಗಳ ಹುಟ್ಟೂರಿನ ನೀರೇ ಕ್ಷಾರಗುಣದ್ದು, ಅದರ ಪಿಎಚ್ 9ರ ಆಸುಪಾಸು. ಗೋಲ್ಡ್ ಫಿಶ್ ಮರಿಗಳೂ ಮಧ್ಯಮ ಗಡಸನ್ನು ತಾಳುತ್ತವೆ. ಇದಕ್ಕೆ ವಿರುದ್ಧವಾಗಿ ಟೆಟ್ರಾ, ಡಿಸ್ಕಸ್ ಮೀನುಗಳು ಅಮೆಜಾನ್ ಸೀಮೆಯ ಮೃದು ನೀರಿನವು. ಅವುಗಳ ಮೊಟ್ಟೆ ಗಡಸು ನೀರಿನಲ್ಲಿ ಸರಿಯಾಗಿ ಫಲಗೊಳ್ಳುವುದಿಲ್ಲ. ಆದರೆ ಮೊಟ್ಟೆಗೂ ಮರಿಗೂ ವ್ಯತ್ಯಾಸವಿದೆ. ಮೃದು ನೀರಿನಲ್ಲಿ ಮೊಟ್ಟೆಯೊಡೆಸಿ, ಮರಿ ಈಜತೊಡಗಿದ ಮೇಲೆ ಹಂತಹಂತವಾಗಿ ಗಡಸು ನೀರಿಗೆ ಒಗ್ಗಿಸಿ ಬೆಳೆಸುವುದು ಡಿಸ್ಕಸ್, ಏಂಜಲ್ ಸಾಕುವವರಿಗೆ ಗೊತ್ತಿರುವ ಕ್ರಮವೇ. ಆರಂಭಿಸುವವರಿಗೆ ಮಾತ್ರ ನನ್ನ ಸಲಹೆ ನೇರ: ಮೋಲಿ, ಗಪ್ಪಿ, ಪ್ಲಾಟಿ ಇವುಗಳನ್ನು ಬಿಟ್ಟು ಆಚೆ ಕೈಹಾಕಬೇಡಿ. ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಮರಿ ಮೂರು ತಿಂಗಳಲ್ಲಿ ಮಾರಾಟದ ಗಾತ್ರಕ್ಕೆ ಬರುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಮನುಷ್ಯನಿಗೆ ಆಗದ ಫ್ಲೋರೈಡ್ ಮೀನಿಗೆ ಹೇಗೆ ಆದೀತು ಎಂಬ ಪ್ರಶ್ನೆಗೆ ಗಡಿಬಿಡಿಯ ಉತ್ತರ ಕೊಡಬಾರದು. ಮೀನಿಗೂ ಫ್ಲೋರೈಡ್ ವಿಷವೇ. ನದಿ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಫ್ಲೋರೈಡ್ ಕೂಡ ಸಾಲ್ಮನ್ ಮೀನುಗಳ ವಲಸೆಗೆ ತೊಡಕಾಗಿದ್ದು ದಾಖಲಾಗಿದೆ. ಆದರೆ ಪ್ರಯೋಗಾಲಯಗಳಲ್ಲಿ ರೇನ್‌ಬೋ ಟ್ರೌಟ್ ಮೀನುಗಳಲ್ಲಿ ಅರ್ಧದಷ್ಟನ್ನು ನಾಲ್ಕು ದಿನಗಳಲ್ಲಿ ಕೊಲ್ಲಲು 50 ಮಿಲಿಗ್ರಾಮಿಗಿಂತ ಹೆಚ್ಚು ಬೇಕಾಗಿದೆ. ಈ ಎರಡು ಅಂಕಿಗಳು ಅಳೆಯುವುದು ಬೇರೆ ಬೇರೆ, ಒಂದು ವಲಸೆಯ ತೊಡಕನ್ನು, ಇನ್ನೊಂದು ಸಾವನ್ನು. ನೀರಿನ ಗಡಸುತನವೂ ಇಲ್ಲಿ ಮುಖ್ಯ: ಕ್ಯಾಲ್ಸಿಯಂ ಹೆಚ್ಚಿದಂತೆ ಫ್ಲೋರೈಡಿನ ಏಟು ತಗ್ಗುತ್ತದೆ. ಇಲ್ಲೇ ನಮ್ಮ ಸೀಮೆಯ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕ್ಯಾಲ್ಸಿಯಂ ಹೆಚ್ಚಿರುವ ನೀರು ಫ್ಲೋರೈಡನ್ನು ಹೆಚ್ಚು ಹೊತ್ತುಕೊಳ್ಳಲಾರದು, ಏಕೆಂದರೆ ಎರಡೂ ಸೇರಿ ಕರಗದ ಕ್ಯಾಲ್ಸಿಯಂ ಫ್ಲೋರೈಡಾಗಿ ಕೂರುತ್ತವೆ. ಹಾಗಾಗಿ ಅತಿ ಹೆಚ್ಚು ಫ್ಲೋರೈಡಿನ ಕೊಳವೆಬಾವಿಗಳು ಎಷ್ಟೋ ಸಲ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಹೆಚ್ಚು ಇರುವ ಬಾವಿಗಳೇ ಆಗಿರುತ್ತವೆ. ಅಂದರೆ ಮರಿಗೆ ಅತ್ಯಂತ ಅಪಾಯಕರವಾದ ನೀರು ಸೋಪು ಚೆನ್ನಾಗಿ ನೊರೆಯಾಡುವ, ‘ಇದು ಉಪ್ಪು ನೀರಲ್ಲ’ ಎಂದು ಊರವರು ಮೆಚ್ಚುವ ನೀರೂ ಆಗಿರಬಹುದು. ಕೈಯಲ್ಲಿ ಹಿಡಿದು ಅದ್ದುವ ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ಎಲ್ಲ ಲವಣಗಳ ಒಟ್ಟು ಮೊತ್ತ ತೋರಿಸುತ್ತದೆಯೇ ಹೊರತು ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದಲ್ಲ. ಆದ್ದರಿಂದ ತೊಟ್ಟಿ ಕಟ್ಟುವ ಮೊದಲು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಿಂದ ಫ್ಲೋರೈಡ್, ಗಡಸುತನ, ಕ್ಷಾರೀಯತೆ, ನೈಟ್ರೇಟ್ ಈ ನಾಲ್ಕರ ವರದಿ ಪಡೆಯಲೇಬೇಕು. ಬಾವಿಯ ನೀರಿನದಲ್ಲ, ಹಿಂಬದಿಯ ಪೈಪಿನ ನೀರಿನದು. ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ಮತ್ತೊಮ್ಮೆ. ಫ್ಲೋರೈಡ್ 4 ಮಿಲಿಗ್ರಾಂ ಮೀರಿದ್ದರೆ, ಅಥವಾ ಫ್ಲೋರೈಡ್ ಹೆಚ್ಚಿದ್ದು ಗಡಸುತನ ಕಡಿಮೆಯಿದ್ದರೆ ಆ ಘಟಕದ ನೀರನ್ನು ಮೀನಿಗೆ ಬಳಸಬಾರದು ಎಂಬುದು ನನ್ನ ಎಚ್ಚರಿಕೆಯ ಗೆರೆ. ಮಳೆನೀರು ಕೂಡಿಟ್ಟುಕೊಂಡವರು ಬೆರೆಸಿ ತಗ್ಗಿಸಿಕೊಳ್ಳಬಹುದು.

ನೈಟ್ರೇಟ್ ಇನ್ನೊಂದು ತೊಡಕು. ಫ್ಲೋರೈಡಿನ ಸದ್ದಿನಲ್ಲಿ ಅದು ಮರೆಯಾಗುತ್ತದೆ. ಗೊಬ್ಬರದ ಗುಂಡಿ, ಶೌಚಗುಂಡಿಗಳ ಬಳಿಯ ಕೊಳವೆಬಾವಿಯಲ್ಲಿ ಅದು ಹೆಚ್ಚಿರುತ್ತದೆ, ಆರ್‌ಒ ಅದನ್ನೂ ಸಾಂದ್ರಗೊಳಿಸುತ್ತದೆ. ಕುಡಿಯುವ ನೀರಿನ 45 ಮಿಲಿಗ್ರಾಂ ಮಿತಿಯಲ್ಲೇ ಇರುವ ಬಾವಿಯ ನೀರು ಹಿಂಬದಿಯಲ್ಲಿ 90 ಆದರೆ ಮರಿಗಳ ಬೆಳವಣಿಗೆ ಕುಂಠಿತವಾಗಬಹುದು, ಏಕೆಂದರೆ ನೀರು ಬದಲಾಯಿಸುವುದರಿಂದ ತಗ್ಗಬೇಕಾದ ನೈಟ್ರೇಟ್ ಇಲ್ಲಿ ನೀರಿನ ಜೊತೆಗೇ ಬರುತ್ತಿರುತ್ತದೆ. ಹಾರ್ನ್‌ವರ್ಟ್‌ನಂಥ ನೀರುಗಿಡ ಬೆಳೆಸಿದ ತೊಟ್ಟಿಯಲ್ಲಿ ಕೆಲವು ದಿನ ನಿಲ್ಲಿಸಿ ಬಳಸಿದರೆ ಸ್ವಲ್ಪ ಇಳಿಯುತ್ತದೆ. ತೀರಾ ಹೆಚ್ಚಿದ್ದರೆ ಬಿಟ್ಟುಬಿಡುವುದೇ ಲೇಸು. ಕ್ಷಾರಗುಣದ್ದೂ ಒಂದು ಅಪಾಯವಿದೆ. 25 ಡಿಗ್ರಿ ಉಷ್ಣಾಂಶದಲ್ಲಿ ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ಶೇಕಡಾ ಒಂದಕ್ಕಿಂತ ಕಡಿಮೆ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಸುಮಾರು ಐದು, ಪಿಎಚ್ 9ರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಈ ನೀರಿನಲ್ಲಿ ಹೆಚ್ಚು ಆಹಾರ ಹಾಕಿ ಕೊಳೆಯಲು ಬಿಟ್ಟರೆ ಮೃದು ನೀರಿಗಿಂತ ಬೇಗ ಶಿಕ್ಷೆಯಾಗುತ್ತದೆ. ನೆರಳಿನ ಬಲೆ, ಗಾಳಿ ಪಂಪು, ಉಳಿದ ಆಹಾರವನ್ನು ಅಂದಂದೇ ಹೀರಿ ತೆಗೆಯುವುದು, ಇವಿಲ್ಲದೆ ಕೆಲಸ ಶುರು ಮಾಡಬಾರದು.

ಘಟಕದೊಳಗೆ ಬೆರೆಯುವ ರಾಸಾಯನಿಕಗಳ ಪ್ರಶ್ನೆಗೆ ಉತ್ತರ ಪೈಪಿನ ಜೋಡಣೆಯಲ್ಲಿದೆ. ಲವಣ ಸೋಸುವ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟದಂತೆ ಹಾಕುವ ದ್ರಾವಣ ಹನಿಹನಿಯಾಗಿ ಹಿಂಬದಿಯ ನೀರಿಗೇ ಸೇರುತ್ತದೆ. ಸರಿಯಾದ ಪ್ರಮಾಣದಲ್ಲಿದ್ದರೆ ಅದು ತೀರಾ ಅಲ್ಪ. ನಿಜವಾದ ಅಪಾಯ ಬೇರೆ ಕಡೆ ಇದೆ. ಆಗಾಗ ಮರಳು ಫಿಲ್ಟರನ್ನು ಹಿಮ್ಮುಖವಾಗಿ ತೊಳೆದ ಕೆಸರು ನೀರು, ಮೆಂಬ್ರೇನನ್ನು ಆಮ್ಲ ಮತ್ತು ಕ್ಷಾರದಿಂದ ತೊಳೆದ ನೀರು ಇವೂ ಅದೇ ಮೋರಿಗೆ ಹೋಗುತ್ತವೆ. ಒಂದೇ ಒಂದು ಬಾರಿ ಆ ನೀರು ತೊಟ್ಟಿ ಸೇರಿದರೆ ಎಲ್ಲ ಮರಿಗಳೂ ಹೋದಂತೆ. ಹಾಗಾಗಿ ಎರಡು ಪೈಪು, ಎರಡು ವಾಲ್ವು ಇರಲೇಬೇಕು, ತೊಳೆಯುವ ದಿನ ಘಟಕ ನೋಡಿಕೊಳ್ಳುವವರು ಮುಂಚಿತವಾಗಿ ತಿಳಿಸಬೇಕು. ಇದರ ಎದುರಿಗೆ ಒಂದು ಅನುಕೂಲವನ್ನೂ ಹೇಳಬೇಕು: ಕ್ಲೋರಿನ್ ಮೆಂಬ್ರೇನನ್ನು ಹಾಳು ಮಾಡುವುದರಿಂದ ಇದ್ದಿಲಿನ ಫಿಲ್ಟರ್ ಅದನ್ನು ಮೊದಲೇ ಹೀರಿರುತ್ತದೆ. ಮರಿಗಳನ್ನು ಕೊಲ್ಲುವ ಕ್ಲೋರಿನ್ ಈ ನೀರಿನಲ್ಲಿ ಇರುವುದಿಲ್ಲ. ಆದರೂ ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಒಂದು ದಿನ ಗಾಳಿಯಾಡಿಸಿ ನಿಲ್ಲಿಸಿದ ಮೇಲೆಯೇ ಬಳಸಬೇಕು. ಆಗ ತೊಟ್ಟಿಯ ಗೋಡೆಗೆ ಬಿಳಿ ಸುಣ್ಣ ಕಟ್ಟಿದರೆ ಹೆದರಬೇಕಾದದ್ದಿಲ್ಲ.

ಮಾರುಕಟ್ಟೆಯ ಆಕ್ಷೇಪ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಶಿರಾ ಬೆಂಗಳೂರಿನ ಹೆದ್ದಾರಿಯ ಮೇಲೆಯೇ ಇದೆ, ಸಾಗಣೆ ಕಷ್ಟವಲ್ಲ. ಆದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೀನು ಇಳಿಯುವುದು ಲವಣ ಕಡಿಮೆಯಿರುವ ಕಾವೇರಿ ನೀರಿಗೆ. ಎರಡು ಸಾವಿರ ಮಿಲಿಗ್ರಾಂ ಲವಣದ ನೀರಿನಲ್ಲಿ ಬೆಳೆದ ಮೋಲಿಯನ್ನು ನೇರವಾಗಿ ಅದಕ್ಕೆ ಹಾಕಿದರೆ ಒಂದೆರಡು ದಿನಗಳಲ್ಲೇ ಸೊರಗುತ್ತದೆ, ‘ಮಧುಗಿರಿ ಮೀನು ಬಾಳುವುದಿಲ್ಲ’ ಎಂಬ ಹೆಸರು ಬಂದರೆ ಯಾರೂ ಮತ್ತೆ ಕೊಳ್ಳುವುದಿಲ್ಲ. ಮಾರುವ ಮುನ್ನ ಕೊನೆಯ ಹತ್ತು ದಿನ ಮಳೆನೀರನ್ನೋ ಘಟಕದ ಶುದ್ಧ ನೀರನ್ನೋ ದಿನದಿನಕ್ಕೂ ಹೆಚ್ಚಿಸಿ ಬೆರೆಸುತ್ತಾ ಲವಣವನ್ನು ಕೆಳಗಿಳಿಸಿ ಕೊಡುವುದು ಮಾರುವವರ ಹೊಣೆ. ಯಾವ ನೀರಿನಲ್ಲಿ ಬೆಳೆದದ್ದು ಎಂದು ಅಂಗಡಿಯವರಿಗೆ ಬರೆದು ಕೊಡಬೇಕು. ಹಣಕಾಸಿಗೆ ಸರ್ಕಾರದ ದಾರಿಯಿದೆ: 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಯಾಗಿದ್ದು, ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡಾ 60 ಸಹಾಯಧನ ಇಡಲಾಗಿತ್ತು. ತರಬೇತಿಗೆ ಹೆಸರಘಟ್ಟದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಕೇಂದ್ರವಿದೆ. ಘಟಕದ ನೀರು ಪಂಚಾಯಿತಿಯದಾದ್ದರಿಂದ ಅದು ಒಬ್ಬ ಗುತ್ತಿಗೆದಾರನ ಪಾಲಾಗದೆ ಸ್ತ್ರೀಶಕ್ತಿ ಸಂಘಕ್ಕೆ ಸಿಗುವುದು ನ್ಯಾಯ.

ಮೀನಿನ ತೊಟ್ಟಿಯಿಂದ ಹೊರಬಿದ್ದ ನೀರಿನಲ್ಲಿ ಫ್ಲೋರೈಡ್ ಹಾಗೆಯೇ ಉಳಿದಿರುತ್ತದೆ. ಆವಿಯಾದಷ್ಟಕ್ಕೆ ಸ್ವಲ್ಪ ಹೆಚ್ಚೇ ಆಗಿರುತ್ತದೆ. ಮೀನು ಸಾಕಣೆಯನ್ನು ಈ ನೀರಿನ ವಿಲೇವಾರಿ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ವಿಲೇವಾರಿಗೆ ಮುನ್ನ ಅದರಿಂದ ಇನ್ನೊಂದು ಕೆಲಸ ತೆಗೆದಂತೆ ಅಷ್ಟೆ. ಆ ನೀರನ್ನು ತೊಳೆಯುವುದಕ್ಕೆ ಬಳಸಬಹುದು, ಉಪ್ಪು ತಾಳುವ ಹೊಂಗೆ, ಬೇವಿನ ಸಾಲಿಗೆ ಜಾಗ ಬದಲಿಸುತ್ತಾ ಹಾಯಿಸಬಹುದು. ಕೆರೆಗೆ ಮಾತ್ರ ಬಿಡಕೂಡದು. ಹೇಮಾವತಿ ನೀರು ಬರುವ ಶಿರಾ, ಕಳ್ಳಂಬೆಳ್ಳ ಕೆರೆಗಳಿಗೋ ಜಯಮಂಗಲಿಯ ತೀತಾ ಜಲಾಶಯಕ್ಕೋ ಸಾಕಿದ ಮೀನು ತಪ್ಪಿಸಿಕೊಂಡು ಹೋದರೆ ಸ್ಥಳೀಯ ಮೀನುಗಳಿಗೆ ಕೇಡು. ಅಂಗಡಿಗಳಲ್ಲಿ ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಸಕರ್ ಮೀನನ್ನಂತೂ ಈ ತೊಟ್ಟಿಗಳ ಹತ್ತಿರವೂ ಸುಳಿಸಬಾರದು. ತೊಟ್ಟಿಯಿಂದ ಹೊರಹೋಗುವ ಪ್ರತಿ ಪೈಪಿಗೂ ಸಣ್ಣ ಕಣ್ಣಿನ ಬಲೆ ಕಟ್ಟಬೇಕು.

ತುಂಗಭದ್ರೆಯ ಹಿನ್ನೀರು ಪಾವಗಡಕ್ಕೆ, ಹೇಮಾವತಿ ಶಿರಾಕ್ಕೆ, ಎತ್ತಿನಹೊಳೆ ಕೊರಟಗೆರೆಯ ಕಡೆಗೆ ಎಂದು ನದಿ ನೀರಿನ ಯೋಜನೆಗಳು ಸಾಗುತ್ತಿರುವಾಗ ಆರ್‌ಒ ಘಟಕಗಳನ್ನು ನಂಬಿ ತೊಟ್ಟಿ ಕಟ್ಟುವುದು ಸರಿಯೇ ಎಂದು ಕೇಳುವವರಿದ್ದಾರೆ. ನದಿ ನೀರು ಮನೆಮನೆಗೆ ಸದಾ ಬರುವಂತಾದರೆ ಘಟಕಗಳೇ ಬೇಕಿಲ್ಲ. ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಲವಣದ ನೀರಿಗೆ ಆರ್‌ಒ ಬೇಡವೆಂದು ಹಸಿರು ನ್ಯಾಯಮಂಡಳಿಯೂ ಹೇಳಿದೆ. ಆ ದಿನ ಬರಲಿ ಎಂದೇ ನಾನೂ ಬಯಸುತ್ತೇನೆ. ಮೀನಿಗಾಗಿ ಘಟಕ ಉಳಿಯಬೇಕಿಲ್ಲ. ಅಲ್ಲಿಯವರೆಗೆ ಹರಿಯುವ ನೀರು ಮಾತ್ರ ಪ್ರತಿದಿನವೂ ಹರಿಯುತ್ತಿದೆ. ತೊಟ್ಟಿ, ಬಲೆ, ಗಾಳಿ ಪಂಪುಗಳ ಬಂಡವಾಳ ನದಿ ನೀರು ಬಂದ ಮೇಲೂ ವ್ಯರ್ಥವಾಗುವುದಿಲ್ಲ, ಕಲಿತ ಕೈಯಂತೂ ಎಲ್ಲಿಗೂ ಹೋಗುವುದಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ತಲಾ ಒಂದು ಘಟಕವನ್ನು ಆರಿಸಿ, ಹಿಂಬದಿಯ ನೀರಿನ ಪರೀಕ್ಷಾ ವರದಿಯನ್ನು ಘಟಕದ ಗೋಡೆಯ ಮೇಲೆಯೇ ಬರೆಸಿ, ಒಂದು ತೊಟ್ಟಿಯಲ್ಲಿ ಆ ನೀರು, ಪಕ್ಕದ ತೊಟ್ಟಿಯಲ್ಲಿ ಮಳೆನೀರು ಬೆರೆಸಿದ ನೀರು ಇಟ್ಟು ಒಂದೇ ಹೆರಿಗೆಯ ಮೋಲಿ ಮರಿಗಳನ್ನು ಎರಡರಲ್ಲೂ ಮೂರು ತಿಂಗಳು ಬೆಳೆಸಿ ನೋಡಲು ಮೀನುಗಾರಿಕೆ ಇಲಾಖೆಗೂ ಗ್ರಾಮ ಪಂಚಾಯಿತಿಗೂ ದೊಡ್ಡ ಖರ್ಚೇನೂ ತಗಲುವುದಿಲ್ಲ. ಮುಂಗಾರಿನ ಮಳೆನೀರು ಕೂಡಿಟ್ಟುಕೊಂಡರೆ ಆಗಸ್ಟಿನಲ್ಲಿ ಆರಂಭಿಸಬಹುದು; ದೀಪಾವಳಿಯ ಹೊತ್ತಿಗೆ ಮರಿಗಳ ಉದ್ದ, ತೂಕ, ಸಾವಿನ ಸಂಖ್ಯೆ ಕೈಯಲ್ಲಿರುತ್ತವೆ.